ಕಾಗೆಯ ಬಳಗ: ಒಂದು ಜಿಜ್ಞಾಸೆ



ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ 'ಕಾಕದಂತಪರೀಕ್ಷೆ' ಎಂಬುದೊಂದು ನ್ಯಾಯವುಂಟು. ಕಾಗೆಗೆ ಹಲ್ಲೇ ಇಲ್ಲ. ಇಲ್ಲದ ಹಲ್ಲುಗಳು ಎಷ್ಟು, ಅವುಗಳ ಬಣ್ಣವೆಂತಹುದು ಎಂದು ವಿಚಾರಿಸುವವನ ಶ್ರಮವು ವ್ಯರ್ಥವೆಂಬುದು ಅದರ ತಾತ್ಪರ್ಯ. ಈ ಸಂಚಿಕೆಯಲ್ಲಿ ನಾವು ಕಾಗೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವು ಹಿರಿಯ ವಾಚಕರು ಆ ನ್ಯಾಯವನ್ನು ನೆನೆದು ನಕ್ಕಾರು. ನಗಲಿ. ನಮ್ಮ ಉದ್ದೇಶ ಹಲ್ಲಿನ ವಿಚಾರವಲ್ಲ, ಹೊಟ್ಟೆಯ ವಿಚಾರ; ಮತ್ತು ಹೊಟ್ಟೆಯ ಮೂಲಕ ಹೃದಯದ ವಿಚಾರ.

ಕಳೆದ ಶ್ರಾವಣಮಾಸದಲ್ಲಿ ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ಎಂದಿನಂತೆ ವಚನಾನುಭವವನ್ನು ಹೇಳುತ್ತಿದ್ದೆವು. ಅಂದು ಬಂದ ವಚನ ಬಸವಣ್ಣನವರದು. ಅನ್ನದ ಒಂದು ಕಣವನ್ನು ಕಂಡರೂ ಕಾಗೆಯು ತನ್ನವರನ್ನು ಕೂಗಿ ಕೂಡಿಸುತ್ತದೆ, ಕೋಳಿಯೂ ಹಾಗೆಯೇ ಮಾಡುತ್ತದೆ, ಭಕ್ತನೆನಿಸಿಕೊಂಡವನಲ್ಲಿ ಅಷ್ಟು ಸಹ ಇಲ್ಲದಿದ್ದರೆ ಅವನು ಆ ಹಕ್ಕಿಗಳಿಗಿಂತ ಕೀಳಾದನು ಎಂಬ ಭಾವದ ಆ ವಚನವನ್ನು ಅರಿಯದ ನಮ್ಮ ಮಠದ ಹಳೆಯ ವಿದ್ಯಾರ್ಥಿಯೇ ಇರಲಾರನು. ಮೂವತ್ತು ವರ್ಷಗಳಿಂದ ಅದನ್ನು ನಾವು ಹೇಳುತ್ತ ಬಂದಿದ್ದೇವೆ. ಅಂದೂ ಹೇಳಿದೆವು, ಕಾಗೆಯ ಔದಾರ್ಯವನ್ನು ಹೊಗಳಿದೆವು, ಮಕ್ಕಳು ತಲೆದೂಗಿದರು. ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಹತ್ತನೆಯ ತರಗತಿಯ ಹುಡುಗನೊಬ್ಬನು ಎದ್ದುನಿಂತನು. ಅವನ ಮಾತನ್ನು ಅವನ ಬಾಯಿಂದ ಬಂದಂತೆಯೇ ಬರೆಯುತ್ತೇವೆ:

"ಅಜ್ಜಾರ, ನಮ್ಮ ಖೋಲಿ ಗವಾಕ್ಷಿಯೊಳಗ ಬೆಳವ ಗೂಡು ಕಟ್ಟಿತ್ತರೀ. ನಿನ್ನೆ ಕಾಗಿ ಬಂದು ಎರಡೂ ಮರಿ ತಿಂದು ಹೋತು. ಅವಾಗ ಅದು ಯಾರನ್ನೂ ಕರೀಲಿಲ್ಲ."

ಸಭೆಯಲ್ಲಿ ನಗೆ ಎದ್ದಿತು. ಹುಡುಗನು ನಗಲಿಲ್ಲ. ಅವನು ಹಾಸ್ಯಕ್ಕಾಗಿ ಕೇಳಿದ್ದಲ್ಲವೆಂಬುದು ಅವನ ಮುಖದಿಂದಲೇ ತಿಳಿಯುತ್ತಿತ್ತು. "ನಾಳೆ ವಿಚಾರ ಮಾಡೋಣ, ತಮ್ಮಾ" ಎಂದು ಹೇಳಿ ಮಂಗಳ ಹಾಡಿಸಿ ಎದ್ದೆವು. ಆ 'ನಾಳೆ' ಇನ್ನೂ ಮುಗಿದಿಲ್ಲ. ಅವನ ಪ್ರಶ್ನೆಯ ಒಳಗೆ ಇನ್ನೂ ದೊಡ್ಡ ಪ್ರಶ್ನೆಯೊಂದು ಅಡಗಿದೆಯೆಂದು ನಮಗೆ ತಡವಾಗಿ ಹೊಳೆಯಿತು. ಅರ್ಧ ಕಾಗೆಯನ್ನು ಮುಂದಿಟ್ಟುಕೊಂಡು, ಉಳಿದರ್ಧವನ್ನು ಮರೆಮಾಡಿ ನೀತಿ ಹೇಳುವುದು ಸತ್ಯವೇ?

ಆದುದರಿಂದ ಮೊದಲು ಪೂರ್ಣ ಕಾಗೆಯನ್ನು ನೋಡಬೇಕಾಯಿತು. ದಾಸೋಹದ ಅಡಿಗೆಮನೆಯ ಹಿಂಬದಿಯಲ್ಲಿ, ತಟ್ಟೆ ತೊಳೆಯುವ ಕಟ್ಟೆಯ ಸುತ್ತ, ಅವು ನಿತ್ಯವೂ ಇರುತ್ತವೆ. ಇಷ್ಟು ವರ್ಷ ಅವುಗಳ ಮುಂದೆಯೇ ಓಡಾಡಿದರೂ ಅವುಗಳಲ್ಲಿ ಎರಡು ಜಾತಿಗಳಿವೆಯೆಂದು ಗಮನಿಸಿರಲಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆ. ಕೊರಳು ಮತ್ತು ಎದೆಯ ಮೇಲೆ ಬೂದಿಬಣ್ಣವಿರುವುದು ಊರುಕಾಗೆ. ಮೈಯೆಲ್ಲ ಕಪ್ಪಾಗಿದ್ದು, ಕೊಕ್ಕು ದಪ್ಪವಾಗಿದ್ದು, ದನಿಯೂ ದಪ್ಪಗಿರುವುದು ಕಾಡುಕಾಗೆ. ಊರುಕಾಗೆಯು ಮನುಷ್ಯನ ನೆರಳನ್ನು ಬಿಟ್ಟು ದೂರ ಹೋಗುವುದಿಲ್ಲ. ಮನುಷ್ಯವಸತಿಯಿಲ್ಲದ ಕಡೆಯಲ್ಲಿ ಅದನ್ನು ಕಾಣುವುದೇ ಅಪೂರ್ವ.

ಅದರ ಆಹಾರಕ್ಕೆ ನಿಯಮವಿಲ್ಲ. ಎಸೆದ ಅನ್ನ, ರೊಟ್ಟಿಯ ಚೂರು, ಬಿತ್ತಿದ ಶೇಂಗಾ, ಹಾಲುಗಾಳಿನ ಗೋವಿನಜೋಳದ ತೆನೆ, ಅತ್ತಿ ಆಲದ ಹಣ್ಣು, ಹುಳುಹುಪ್ಪಟೆ, ಇಲಿ, ಹಲ್ಲಿ, ಸತ್ತ ಪ್ರಾಣಿಗಳ ಮಾಂಸ, ಪರಹಕ್ಕಿಗಳ ಮೊಟ್ಟೆ ಮತ್ತು ಮರಿ, ಯಾವುದೂ ವರ್ಜ್ಯವಲ್ಲ. ಅದೇ ಕಾಗೆಯು ಎತ್ತಿನ ಬೆನ್ನ ಮೇಲೆ ಕುಳಿತು ಉಣ್ಣೆಗಳನ್ನು ಹೆಕ್ಕುತ್ತದೆ. ಬೂರುಗದ ಮರ ಹೂಬಿಟ್ಟಾಗ ಕೆಂಪು ಹೂವಿನೊಳಗೆ ಕೊಕ್ಕನ್ನಿಟ್ಟು ಮಕರಂದವನ್ನೂ ಕುಡಿಯುತ್ತದೆ. ಊರಿನ ಹೊಲಸನ್ನು ತೆಗೆಯುವುದೂ ಅದೇ, ಗುಬ್ಬಿಯ ಗೂಡನ್ನು ಹಾಳುಮಾಡುವುದೂ ಅದೇ. ಹುಡುಗನು ಕಂಡದ್ದು ನಿಜ. ನಾವು ಹೇಳಿದ್ದೂ ನಿಜ. ಬೇಸಗೆ ಬಂತೆಂದರೆ ಗಂಡು ಹೆಣ್ಣು ಕೂಡಿ ಕಡ್ಡಿಗಳನ್ನು ಒಯ್ದು ಮರದ ಕವಲಿನಲ್ಲಿ ಗೂಡು ಕಟ್ಟುತ್ತವೆ. ಈಗಿನ ಕಾಲದಲ್ಲಿ ಕಡ್ಡಿಯ ಜೊತೆಗೆ ಕಬ್ಬಿಣದ ತಂತಿಯನ್ನೂ ಹೆಣೆಯುತ್ತವೆ. ಒಳಗೆ ನಾರು, ಚಿಂದಿ, ಕೂದಲುಗಳ ಮೆತ್ತೆ. ನೀಲಿ-ಹಸಿರು ಬಣ್ಣದ, ಕಂದು ಚುಕ್ಕೆಗಳ ನಾಲ್ಕೈದು ಮೊಟ್ಟೆಗಳು. ಸುಮಾರು 16-17 ದಿನಗಳ ಕಾವು. ಹೊರಬಂದ ಮರಿಯ ಮೈಮೇಲೆ ಗರಿಯಿಲ್ಲ, ಕಣ್ಣು ತೆರೆದಿಲ್ಲ. ಬಾಯಿ ಮಾತ್ರ ತೆರೆದಿದೆ. ಮೂರು ನಾಲ್ಕು ವಾರಗಳ ಕಾಲ ತಂದೆತಾಯಿಗಳೆರಡೂ ಆ ಬಾಯಿಗಳನ್ನು ತುಂಬುವುದರಲ್ಲಿಯೇ ಸವೆಯುತ್ತವೆ. ಬೆಳವನ ಎರಡು ಮರಿಗಳು ಹೋದದ್ದು ಯಾರದೋ ಬಾಯಿಗೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಬಾಲಕರಾಗಿದ್ದಾಗ ಅಮರಕೋಶವನ್ನು ಕಂಠಪಾಠ ಮಾಡಿಸುತ್ತಿದ್ದರು. ಅರ್ಥ ತಿಳಿಯದೆ ಒಪ್ಪಿಸಿದ ಕಾಗೆಯ ಹೆಸರುಗಳನ್ನು ಈಗ ಮತ್ತೆ ತೆಗೆದು ನೋಡಿದೆವು. ಬಲಿಪುಷ್ಟ, ಎಂದರೆ ಬಲಿಯ ಅನ್ನದಿಂದ ಕೊಬ್ಬಿದ್ದು. ಆತ್ಮಘೋಷ, ಎಂದರೆ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದು (ಇಂದಿನ ಕೆಲವು ಸಾರ್ವಜನಿಕ ವ್ಯಕ್ತಿಗಳಿಗೂ ಈ ನಾಮ ಒಪ್ಪೀತು). ಇನ್ನೊಂದು ಹೆಸರು ಪರಭೃತ್. ಪರರನ್ನು ಪೋಷಿಸುವುದು ಎಂದು ಅದರ ಅರ್ಥ. ಅದರ ಮುಂದೆ ಒಂದು ಅಕಾರವನ್ನು ಸೇರಿಸಿದರೆ ಪರಭೃತ, ಪರರಿಂದ ಪೋಷಿಸಲ್ಪಟ್ಟದ್ದು, ಅದು ಕೋಗಿಲೆಯ ಹೆಸರು. ಒಂದು ಅಕ್ಷರದ ಅಂತರದಲ್ಲಿ ಉಣಿಸಿದವನು ಮತ್ತು ಉಂಡವನು! ಈ ಮಾತಿಗೆ ಮುಂದೆ ಬರುತ್ತೇವೆ.

ಈಗ ಮುಖ್ಯ ವಿಚಾರ. ಕಾಗೆಯು ಬಳಗವನ್ನು ಕರೆಯುವುದೇಕೆ? ನಾವು ಅದನ್ನು ಪ್ರೀತಿ ಎಂದೆವು. ಪಕ್ಷಿಶಾಸ್ತ್ರಜ್ಞರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕೆಯ ಬರ್ನ್ಡ್ ಹೈನ್ರಿಕ್ ಎಂಬ ವಿಜ್ಞಾನಿಯು 1980ರ ದಶಕದಲ್ಲಿ ಮೇನ್ ಪ್ರಾಂತದ ಹಿಮ ಬೀಳುವ ಕಾಡುಗಳಲ್ಲಿ ಕುಳಿತು ರೇವನ್ ಎಂಬ ದೊಡ್ಡ ಜಾತಿಯ ಕಾಗೆಗಳನ್ನು ಹಲವು ಚಳಿಗಾಲ ನೋಡಿದನು. ಸತ್ತ ಪ್ರಾಣಿಯೊಂದು ಸಿಕ್ಕಿದಾಗ ಕಾಗೆಯು ಸುಮ್ಮನೆ ತಿಂದುಕೊಂಡಿರಬಾರದೇ, ಕೂಗಿ ಇತರರನ್ನು ಏಕೆ ಕರೆಯಬೇಕು ಎಂಬುದೇ ಅವನ ಪ್ರಶ್ನೆಯೂ ಆಗಿತ್ತು. ನಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ಮತ್ತೊಂದು ಖಂಡದಲ್ಲಿ ಒಬ್ಬನು ಹಿಮದಲ್ಲಿ ಕಾದಿದ್ದನೆಂಬುದು ನಮಗೆ ಸಂತೋಷವನ್ನುಂಟುಮಾಡಿತು. ಅವನು ಕಂಡುಕೊಂಡ ಉತ್ತರವು ಅಷ್ಟೇನೂ ಸಂತೋಷದ್ದಾಗಿರಲಿಲ್ಲ. ಆ ನೆಲದ ಒಡೆಯರಾದ ಪ್ರಾಯದ ಜೋಡಿ ಕಾಗೆಗಳು ಆಹಾರ ಕಂಡಾಗ ಸುಮ್ಮನೆ ತಿನ್ನುತ್ತವೆ, ಬಂದವರನ್ನು ಓಡಿಸುತ್ತವೆ. ಕೂಗಿ ಕರೆಯುವವು ನೆಲೆಯಿಲ್ಲದೆ ಅಲೆಯುವ ಎಳೆಯ ಕಾಗೆಗಳು. ಒಂಟಿಯಾಗಿ ಬಂದರೆ ಒಡೆಯರು ಹೊಡೆದಟ್ಟುತ್ತಾರೆ. ಗುಂಪಾಗಿ ಬಂದರೆ ತಡೆಯಲಾರರು. ಆದುದರಿಂದ ಎಳೆಯವು ಕರೆಯುತ್ತವೆ. ಹಂಚಿಕೊಂಡರೆ ಒಂದು ಪಾಲಾದರೂ ಸಿಗುತ್ತದೆ, ಹಂಚಿಕೊಳ್ಳದಿದ್ದರೆ ಅದೂ ಇಲ್ಲ.

ಇದು ರೇವನ್ ಪಕ್ಷಿಯ ಮಾತು. ನಮ್ಮ ಊರುಕಾಗೆಗೆ ಅಕ್ಷರಶಃ ಅನ್ವಯಿಸಬೇಕೆಂದಿಲ್ಲ. ಆದರೂ ಸಂಶಯ ಹುಟ್ಟಿತು. ಕರೆಯುವುದರಲ್ಲಿ ಲಾಭವಿದ್ದರೆ ಅದು ಗುಣವೆನಿಸುವುದೇ?

ಧಾರವಾಡದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡುವಾಗ ನಾವು ಈ ತೊಡಕನ್ನು ಬೇರೊಂದು ವೇಷದಲ್ಲಿ ಕಂಡಿದ್ದೆವು. ಜರ್ಮನಿಯ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಕಾರನ ದೃಷ್ಟಾಂತವಿದೆ. ವ್ಯವಹಾರ ತಿಳಿಯದ ಮಗು ಬಂದು ಕೇಳಿದರೂ ಆತನು ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳುತ್ತಾನೆ. ಏಕೆ? ಪ್ರಾಮಾಣಿಕನೆಂದು ಹೆಸರಾದರೆ ಗಿರಾಕಿಗಳು ಹೆಚ್ಚುತ್ತಾರೆ. ಮಾಡಿದ್ದು ಸರಿ, ಆದರೆ ಸರಿಯಾದುದೆಂಬ ಕಾರಣಕ್ಕಾಗಿ ಮಾಡಲಿಲ್ಲ, ಆದುದರಿಂದ ಅದಕ್ಕೆ ನೈತಿಕ ಮೌಲ್ಯವಿಲ್ಲ ಎಂದು ಕಾಂಟನ ತೀರ್ಪು. ಅಂದು ಈ ತೀರ್ಪು ನಮಗೆ ಬಹಳ ಹಿಡಿಸಿತ್ತು. ಯೌವನದಲ್ಲಿ ಕಠಿಣವಾದುದೆಲ್ಲ ಶ್ರೇಷ್ಠವೆಂದು ತೋರುತ್ತದೆ. ಈಗ ದಾಸೋಹದ ಉಗ್ರಾಣದ ಕೀಲಿಕೈ ನಮ್ಮ ಸೊಂಟಕ್ಕೆ ಬಂದ ಮೇಲೆ ಅಷ್ಟು ಖಚಿತವಾಗಿ ಹೇಳಲಾರೆವು. ಶರಣರು 'ನಾನು ಕೊಟ್ಟೆ' ಎಂಬ ದಾನವನ್ನು ಬಿಟ್ಟು 'ನಾನು ದಾಸ' ಎಂಬ ದಾಸೋಹವನ್ನು ಹಿಡಿದದ್ದು ಕೊಡುವವನ ಅಹಂಕಾರವನ್ನು ಕಳೆಯುವುದಕ್ಕಾಗಿ. ಆದರೆ ಪ್ರತಿ ಚೀಲದ ಹಿಂದೆ ಎಂತಹ ಮನಸ್ಸಿದೆಯೆಂದು ತೂಗಿ ಜೋಳವನ್ನು ಒಳಗಿಡುವುದಾದರೆ ನಮ್ಮ ಕಣಜ ಎಂದೋ ಬರಿದಾಗುತ್ತಿತ್ತು. ಹರಕೆಗೆ ಕೊಟ್ಟವರಿದ್ದಾರೆ, ಹೆಸರಿಗೆ ಕೊಟ್ಟವರಿದ್ದಾರೆ, ನೆರೆಯವನು ಕೊಟ್ಟನೆಂದು ಕೊಟ್ಟವರಿದ್ದಾರೆ. ಹಸಿದ ಹುಡುಗನು ಉಂಡ ರೊಟ್ಟಿಯಲ್ಲಿ ಆ ಭೇದವಿರುವುದಿಲ್ಲ.

ಅಲ್ಲದೆ, ಕಾಗೆಯ ಎಲ್ಲ ನಡತೆಗಳನ್ನೂ ಲಾಭದ ಲೆಕ್ಕದಲ್ಲಿ ಮುಗಿಸಲು ಬರುವುದಿಲ್ಲ. 1871ರಲ್ಲಿ ಪ್ರಕಟವಾದ ಡಾರ್ವಿನನ ಮಾನವ ವಂಶಾವತರಣ ಕುರಿತ ಗ್ರಂಥದಲ್ಲಿ ಒಂದು ಚಿಕ್ಕ ಪ್ರಸ್ತಾಪವಿದೆ. ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬಾತನು ಭಾರತದ ಕಾಗೆಗಳು ತಮ್ಮ ಎರಡು ಮೂರು ಕುರುಡು ಸಂಗಾತಿಗಳಿಗೆ ಉಣಿಸುತ್ತಿದ್ದುದನ್ನು ಕಂಡಿದ್ದನಂತೆ. ಬಲಿಷ್ಠನೇ ಉಳಿಯುತ್ತಾನೆಂದು ಲೋಕವು ಯಾರ ಹೆಸರಿನಲ್ಲಿ ಹೇಳುತ್ತದೆಯೋ ಆ ಡಾರ್ವಿನನೇ ಇದನ್ನು ಬರೆದಿಟ್ಟಿದ್ದಾನೆಂಬುದನ್ನು ವಾಚಕರು ಗಮನಿಸಬೇಕು. ಕುರುಡು ಕಾಗೆಯಿಂದ ಮರಳಿ ಬರುವ ಲಾಭವಾದರೂ ಏನು?

ಇನ್ನು ಅದರ ಸ್ಮರಣೆ. ಒಂದು ಕಾಗೆ ಸತ್ತುಬಿದ್ದರೆ ನೂರು ಕಾಗೆಗಳು ನೆರೆದು ಗದ್ದಲವೆಬ್ಬಿಸುವುದನ್ನು ಎಲ್ಲರೂ ಕಂಡಿದ್ದೇವೆ. ಅಳುತ್ತಿವೆಯೆಂದು ನಮ್ಮ ಹಳ್ಳಿಯ ತಾಯಂದಿರು ಹೇಳುತ್ತಾರೆ. ಅಮೆರಿಕೆಯ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್ಲಫ್ ಎಂಬ ವಿದ್ವಾಂಸನೂ ಅವನ ಶಿಷ್ಯರೂ ಇದನ್ನು ಪರೀಕ್ಷಿಸಿದ್ದಾರೆ. ಎಲ್ಲಿ ಅಪಾಯವಿದೆ, ಯಾರಿಂದ ಅಪಾಯವಿದೆ ಎಂದು ಕಲಿಯುವುದು ಆ ನೆರವಿಯ ಒಂದು ಪ್ರಯೋಜನವೆಂದು ಅವರ ಅಭಿಪ್ರಾಯ. 2006ರಲ್ಲಿ ಅವರು ಗುಹಾಮಾನವನ ಮುಖವಾಡವನ್ನು ಧರಿಸಿ ಏಳು ಕಾಗೆಗಳನ್ನು ಹಿಡಿದು, ಗುರುತಿನ ಬಳೆ ತೊಡಿಸಿ ಬಿಟ್ಟುಬಿಟ್ಟರು. ಅಷ್ಟೇ, ನೋವುಮಾಡಲಿಲ್ಲ. ಆದರೆ ಮುಂದೆ ವರ್ಷಗಳವರೆಗೆ ಆ ಮುಖವಾಡವನ್ನು ಕಂಡಾಗಲೆಲ್ಲ ಕಾಗೆಗಳು ಕಿರುಚಿ ಮುತ್ತಿದವು. ಹಿಡಿಯಲ್ಪಟ್ಟ ಏಳು ಮಾತ್ರವಲ್ಲ. ಮುತ್ತುವವರ ಸಂಖ್ಯೆ ವರ್ಷ ವರ್ಷಕ್ಕೆ ಬೆಳೆಯಿತು. ಆ ದಿನ ಹುಟ್ಟಿಯೇ ಇರದ ಮರಿಗಳು ತಂದೆತಾಯಿಗಳಿಂದ ಆ ವೈರವನ್ನು ಕಲಿತುಕೊಂಡಿದ್ದವು. ಹೊಲದ ಬದುವಿನ ಜಗಳವನ್ನು ಮೂರನೆಯ ತಲೆಮಾರಿಗೂ ಒಪ್ಪಿಸುವ ಕುಟುಂಬಗಳು ನ್ಯಾಯ ಕೇಳಿಕೊಂಡು ಮಠಕ್ಕೆ ಬಂದಾಗ, ಇನ್ನು ಮುಂದೆ ಈ ಮುಖವಾಡದ ಕಥೆಯನ್ನು ಹೇಳಬೇಕೆಂದಿದ್ದೇವೆ. ಬಳಗದ ಪ್ರೀತಿಯೂ ಬಳಗದ ವೈರವೂ ಒಂದೇ ಬೇರಿನಿಂದ ಬರುತ್ತವೆಯೋ ಏನೋ.

ಶನಿಯ ವಾಹನ, ಮೈಗೆ ತಗುಲಿದರೆ ಅಪಶಕುನ, ಮನೆಯ ಮೇಲೆ ಕೂಗಿದರೆ ನೆಂಟರು ಎಂಬ ನಂಬಿಕೆಗಳ ವಿಚಾರವನ್ನು ನಾವಿಲ್ಲಿ ಬೆಳೆಸುವುದಿಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನು ಕಾಗೆ ಮುಟ್ಟಿತೆಂದು ಶಾಂತಿ ಮಾಡಿಸಲು ಓಡುವುದಾದರೆ, ಆ ಲಿಂಗವನ್ನು ಏತಕ್ಕಾಗಿ ಧರಿಸಿದ್ದಾನೆಂದು ಅವನೇ ಕೇಳಿಕೊಳ್ಳಲಿ.

ಈಗ ಕೋಗಿಲೆಯ ಮಾತಿಗೆ ಬರೋಣ. ಕವಿಗಳ ಪ್ರೀತಿಯ ಈ ಹಕ್ಕಿಯು ಗೂಡು ಕಟ್ಟುವುದಿಲ್ಲ. ಕಾಗೆಗಳು ಗೂಡು ಕಟ್ಟುವ ಕಾಲದಲ್ಲಿಯೇ ಗಂಡುಕೋಗಿಲೆಯ ಕೂಗು ಏರುವುದು ಬರಿಯ ವಸಂತದ ಸಂಭ್ರಮವಲ್ಲ. ಹೆಣ್ಣು ಸಮಯ ಸಾಧಿಸಿ ಕಾಗೆಯ ಮೊಟ್ಟೆಗಳ ನಡುವೆ, ಅದನ್ನೇ ಹೋಲುವ ಆದರೆ ಸ್ವಲ್ಪ ಚಿಕ್ಕದಾದ ತನ್ನ ಮೊಟ್ಟೆಯನ್ನಿಟ್ಟು ಹೋಗುತ್ತದೆ. ಕೋಗಿಲೆಯ ಮರಿಯು ಕಾಗೆಯ ಮರಿಗಿಂತ ಎರಡು ಮೂರು ದಿನ ಮೊದಲೇ ಹೊರಬರುತ್ತದೆ. ಮೊದಲು ಬಾಯಿ ತೆರೆದವನಿಗೆ ಮೊದಲ ತುತ್ತು. ಯುರೋಪಿನ ಕುಕ್ಕೂ ಹಕ್ಕಿಯ ಮರಿ ಸಾಕುತಾಯಿಯ ಮೊಟ್ಟೆ ಮರಿಗಳನ್ನು ಹೊರಗೆ ತಳ್ಳುವುದಂತೆ. ನಮ್ಮ ಕೋಗಿಲೆಯ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಒಂದೇ ಗೂಡಿನಲ್ಲಿ ಕೂಡಿ ಬೆಳೆಯುವುದುಂಟು. ಗೂಡನ್ನು ಬಿಟ್ಟು ಹಾರಿದ ಮೇಲೆಯೂ, ಮೈಮೇಲೆ ಚುಕ್ಕೆಗಳು ಎದ್ದು ತನ್ನದಲ್ಲವೆಂದು ಯಾರಿಗಾದರೂ ಕಾಣುವಂತಾದ ಮೇಲೆಯೂ, ಕಾಗೆಯು ಅದರ ಹಿಂದೆ ಹಿಂದೆ ಹೋಗಿ ಉಣಿಸುತ್ತಿರುತ್ತದೆ.

ಶ್ರಾವಣದ ಆ ಪ್ರಸಂಗವಾದ ಕೆಲವು ದಿನಗಳ ಮೇಲೆ ಅದೇ ಹುಡುಗನು ನಮ್ಮನ್ನು ಬಾವಿಯ ಬಳಿಯ ಬೇವಿನಮರದ ಕೆಳಗೆ ಕರೆದುಕೊಂಡು ಹೋಗಿ ಇದನ್ನು ತೋರಿಸಿದನು. ಪ್ರಾಯಶಃ ಕಾಗೆಯ ಮೇಲೆ ಅಪವಾದ ಹೊರಿಸಿದ್ದಕ್ಕೆ ಅವನಿಗೇ ಮನಸ್ಸು ತಡೆಯಲಿಲ್ಲವೇನೋ. "ಇದಕ್ಕ ಗೊತ್ತಿಲ್ಲೇನ್ರೀ ಅಜ್ಜಾರ, ತನ್ನ ಮರಿ ಅಲ್ಲಂತ?" ಎಂದನು. ಗೊತ್ತಿಲ್ಲದಿದ್ದರೆ ಅದು ಮೋಸಹೋದದ್ದು. ಗೊತ್ತಿದ್ದೂ ಉಣಿಸಿದರೆ ಅದು ದಾಸೋಹ. ಕಾಗೆಯ ಒಳಗನ್ನು ಹೊಕ್ಕು ನೋಡುವ ಶಕ್ತಿ ನಮಗಿಲ್ಲ. ಕೋಗಿಲೆಯನ್ನು ಕಂಡಲ್ಲಿ ಅಟ್ಟಿಸಿಕೊಂಡು ಹೋಗುವ ಕಾಗೆಯೇ ಕೋಗಿಲೆಯ ಮರಿಯನ್ನು ಸಾಕುವುದನ್ನು ನೋಡಿದರೆ ಅದಕ್ಕೆ ತಿಳಿದಿರಲಾರದೆಂದೇ ಹೇಳಬೇಕು. ಹಾಗಾದರೆ ಪರಭೃತ್ ಎಂಬ ಬಿರುದು ಅದಕ್ಕೆ ಸಲ್ಲದು. ಆ ಹೆಸರು ಖಾಲಿಯಿದೆ. ತಿಳಿದು ಉಣಿಸುವ ಯಾರಾದರೂ ಬಂದು ತೆಗೆದುಕೊಳ್ಳಬಹುದು.

ಇಷ್ಟಾದ ಮೇಲೆ ಹುಡುಗನ ಮೊದಲ ಪ್ರಶ್ನೆಗೆ ನಮಗೆ ಉತ್ತರವು ಸ್ವಲ್ಪ ಸ್ಪಷ್ಟವಾಯಿತು. ಇಷ್ಟು ವರ್ಷ ನಾವು ವಚನವನ್ನು ತಪ್ಪಾಗಿ ಹೇಳುತ್ತಿದ್ದೆವು. ಬಸವಣ್ಣನವರು ಕಾಗೆಯನ್ನು ಗುರುವೆಂದು ಎಲ್ಲಿಯೂ ಹೇಳಿಲ್ಲ. ಮೀಮಾಂಸಕರು ಹೇಳುವ ಕೈಮುತಿಕ ನ್ಯಾಯವನ್ನು ನೆನೆಯಿರಿ: ಕೀಳೆಂದು ನೀವು ಭಾವಿಸುವ ಹಕ್ಕಿಯಲ್ಲಿಯೇ ಇಷ್ಟಿರುವಾಗ ಭಕ್ತನಲ್ಲಿ ಇರಬೇಕಾದುದನ್ನು ಹೇಳುವುದೇನು ಎಂಬ ರೀತಿ ಅದು. ಕಾಗೆಯು ಅಲ್ಲಿ ಏರಬೇಕಾದ ಶಿಖರವಲ್ಲ. ಅದಕ್ಕಿಂತ ಕೆಳಗಿಳಿಯಬಾರದೆಂಬ ನೆಲ. ಆದುದರಿಂದ ಕಾಗೆ ಬೆಳವನ ಮರಿಯನ್ನು ತಿಂದರೂ ವಚನಕ್ಕೆ ಬಾಧೆಯಿಲ್ಲ. ಇಂಗ್ಲೆಂಡಿನ ಹ್ಯೂಮ್ ಎಂಬ ದಾರ್ಶನಿಕನು (ಅವನು ಸ್ಕಾಟ್ಲೆಂಡಿನವನೆಂದು ನಮ್ಮ ಪ್ರಾಧ್ಯಾಪಕರು ತಿದ್ದುತ್ತಿದ್ದರು, ತಿದ್ದಿಕೊಳ್ಳುತ್ತೇವೆ) 'ಹೀಗಿದೆ' ಎಂಬುದರಿಂದ 'ಹೀಗಿರಬೇಕು' ಎಂಬುದಕ್ಕೆ ಜಿಗಿಯುವವರನ್ನು ಎಚ್ಚರಿಸಿದ್ದಾನೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ, ಆದುದರಿಂದ ನಾವೂ ನುಂಗೋಣ ಎನ್ನುವವನನ್ನು ನಾವು ಖಂಡಿಸುತ್ತೇವೆ. ಕಾಗೆ ಹಂಚಿಕೊಳ್ಳುತ್ತದೆ, ಆದುದರಿಂದ ನಾವೂ ಹಂಚೋಣ ಎನ್ನುವ ವಾದವೂ ಅದೇ ಮುರುಕು ಏಣಿಯ ಮೇಲೆ ನಿಂತಿದೆ. ಹಂಚಬೇಕಾದುದು ನಮಗೆ ವಿವೇಕವಿರುವುದರಿಂದ.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನವು ಸುಖವಾಗಿ ಮುಗಿಯುತ್ತಿತ್ತು. ಆದರೆ ನೆಲವೆಂಬ ಮಾತನ್ನು ಆಡಿದ ಮೇಲೆ ನಾವು ಎಲ್ಲಿ ನಿಂತಿದ್ದೇವೆಂದು ಕಾಲು ನೋಡಿಕೊಳ್ಳಬೇಕಾಗುತ್ತದೆ. ಕಾಗೆಯು ಕರೆಯುವುದು ತನ್ನ ಬಳಗವನ್ನು. ಬೆಳವವು ಅದರ ಬಳಗವಲ್ಲ. ಆದುದರಿಂದ ಅದು ಆಹಾರ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಅಧಿಕಾರಿಗಳಿದ್ದಾರೆ, ಇಂಜಿನಿಯರುಗಳಿದ್ದಾರೆ, ಬೆಂಗಳೂರಿನಲ್ಲಿಯೂ ಅಮೆರಿಕೆಯಲ್ಲಿಯೂ ದೊಡ್ಡ ಕಂಪನಿಗಳಲ್ಲಿರುವವರಿದ್ದಾರೆ. ಪ್ರತಿವರ್ಷ ಅವರಿಂದ ಪತ್ರಗಳು ಬರುತ್ತವೆ, ಈಗ ಫೋನಿನಲ್ಲಿ ಸಂದೇಶಗಳೂ ಬರುತ್ತವೆ: ಈ ಹುಡುಗ ನಮ್ಮವನು, ನಿಲಯದಲ್ಲಿ ಸ್ಥಳ ಮಾಡಿಕೊಡಬೇಕು. 'ನಮ್ಮವನು' ಎಂಬ ಮಾತಿನ ಸುತ್ತಳತೆಯು ವರ್ಷ ವರ್ಷಕ್ಕೆ ಕಿರಿದಾಗುತ್ತಿರುವುದನ್ನು ಗಮನಿಸಿದ್ದೇವೆ. ಮೊದಲು ನಮ್ಮ ಭಾಗದವನೆಂದು ಬರೆಯುತ್ತಿದ್ದರು. ಅನಂತರ ನಮ್ಮ ಸಮಾಜದವನೆಂದು. ಈಗ ಒಳಪಂಗಡದ ಹೆಸರನ್ನೂ ಬರೆಯುತ್ತಾರೆ. ಪ್ರಿಯ ಶಿಷ್ಯರೇ, ನಿಮ್ಮನ್ನು ದೂರುವ ಹಕ್ಕು ನಮಗೆ ಪೂರ್ತಿಯಾಗಿ ಇಲ್ಲ. ಕೇಳಿರಿ.

2023ರಲ್ಲಿ ಮಳೆ ಕೈಕೊಟ್ಟಿತು. ಹಿಂಗಾರಿ ಜೋಳ ತೆನೆಗಟ್ಟಲಿಲ್ಲ. ಸುಗ್ಗಿಯ ಮೇಲೆ ಮಠಕ್ಕೆ ಬರುತ್ತಿದ್ದ ಕಾಳಿನ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಅರ್ಧಕ್ಕೆ ಇಳಿದವು. 2024ರ ಪ್ರವೇಶದ ಮುಂಚೆ ಆಡಳಿತ ಮಂಡಳಿಯ ಸಭೆ ಸೇರಿತು. ಇದ್ದ ಕಾಳು ಇದ್ದ ಮಕ್ಕಳಿಗೇ ಸಾಲದೆಂಬ ಲೆಕ್ಕ ಸುಳ್ಳಾಗಿರಲಿಲ್ಲ. ಹೊಸ ಪ್ರವೇಶವನ್ನು ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ಕೊಡತಕ್ಕದ್ದೆಂದು ಠರಾವು ಬರೆದರು. ನಾವು ಅದಕ್ಕೆ ಸಹಿ ಮಾಡಿದೆವು. ಯಾರೂ ನಮ್ಮ ಕೈ ಹಿಡಿದು ಬರೆಸಲಿಲ್ಲ. ಅಂದು ಹಿಂದಿರುಗಿಸಿದ ಅರ್ಜಿಗಳು 11. ಅದರಲ್ಲಿ ಒಬ್ಬ ಹುಡುಗನನ್ನು ಅವನ ತಾಯಿಯೇ ಕರೆದುಕೊಂಡು ಬಂದಿದ್ದಳು. ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವವಳು. ವಿಷಯವನ್ನು ಗುಮಾಸ್ತನು ತಿಳಿಸಿದನು. ಮಧ್ಯಾಹ್ನದ ಹೊತ್ತಾದುದರಿಂದ ಇಬ್ಬರಿಗೂ ಪ್ರಸಾದ ಮಾಡಿಸಿದೆವು. ಹೊರಡುವಾಗ ಆಕೆ ನಮಸ್ಕರಿಸಿ, "ಉಣ್ಣಾಕ ಹಾಕೀರಿ, ಅಷ್ಟಾತು ಬಿಡ್ರಿ ಅಜ್ಜಾರ" ಎಂದಳು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಳಿತಾಗುತ್ತಿತ್ತು.

ನಮ್ಮ ಪಕ್ಷದಲ್ಲಿಯೂ ಹೇಳಬಹುದಾದುದಿದೆ, ಅದನ್ನೂ ಮುಚ್ಚಿಡುವುದಿಲ್ಲ. ತನ್ನ ಬಳಗವನ್ನೇ ಕರೆಯದವನು ಲೋಕವನ್ನು ಕರೆಯುತ್ತೇನೆಂದರೆ ನಂಬುವುದು ಕಷ್ಟ. ಮನೆಯ ಮುದುಕರಿಗೆ ನೀರು ಕೊಡದೆ ವಿಶ್ವಬಂಧುತ್ವವನ್ನು ಮಾತನಾಡುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇದ್ದ ಕಣಜಕ್ಕೆ ಒಂದು ಮಿತಿಯೂ ಉಂಟು. ಮಿತಿಯಿದ್ದಲ್ಲಿ ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹತ್ತಿರದವರಿಗೆ ಮೊದಲು ಎಂಬುದು ಪಾಪವೆಂದು ನಾವು ಹೇಳಲಾರೆವು. ಕಾಗೆಯ ನೆಲದ ಮೇಲೆ ನಿಂತು ನೋಡಿದರೆ ನಾವು ಮಾಡಿದುದರಲ್ಲಿ ತಪ್ಪೇ ಇಲ್ಲ. ಆದರೆ ಆ ಕಣಜದ ಕಾಳು ಎಲ್ಲಿಂದ ಬಂದಿತ್ತು? ನಮ್ಮ ಲಿಂಗೈಕ್ಯ ಹಿರಿಯ ಗುರುಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿಗೆ ಹೋಗುವಾಗ ಯಾವ ಓಣಿಯನ್ನೂ ಬಿಟ್ಟವರಲ್ಲ. ಕುರುಬರ ಓಣಿಯ ಸಜ್ಜೆ, ಮುಸಲ್ಮಾನರ ಮನೆಯ ಕಡಲೆ, ಕೇರಿಯ ಮುಷ್ಟಿ ಜೋಳ ಎಲ್ಲವೂ ಅದೇ ಜೋಳಿಗೆಯಲ್ಲಿ ಬಿದ್ದಿವೆ. ಈಗಿನ ಪಾವತಿ ಪುಸ್ತಕಗಳಲ್ಲಿಯೂ ಆ ಹೆಸರುಗಳಿವೆ. ತುಂಬುವಾಗ ಎಲ್ಲರ ಕಣಜ, ಬಡಿಸುವಾಗ ನಮ್ಮ ಕಣಜ ಎಂಬ ನಡತೆಯು ಕಾಗೆಯಲ್ಲಿ ಇದೆಯೋ ಇಲ್ಲವೋ, ಹುಡುಕಿದರೂ ನಮಗೆ ಸಿಗಲಿಲ್ಲ.

ಬಳಗದ ಆಚೆಗಿರುವವನನ್ನು ಹೇಗೆ ಕಾಣುತ್ತೇವೆಂಬುದು ಎಲ್ಲಿ ನಿಂತಿದ್ದೇವೆಂಬುದರ ಮೇಲೆಯೂ ಹೋಗುತ್ತದೆ. ನಮ್ಮ ಇದೇ ಊರುಕಾಗೆಯನ್ನು 19ನೆಯ ಶತಮಾನದ ಕೊನೆಯಲ್ಲಿ ಊರಿನ ಕಸ ತಿನ್ನಲೆಂದು ಆಫ್ರಿಕದ ಜಾಂಜಿಬಾರ್ ದ್ವೀಪಕ್ಕೆ ಒಯ್ದರು. ಅಲ್ಲಿಂದ ಅದು ಪೂರ್ವತೀರದ ಉದ್ದಕ್ಕೂ ಹಬ್ಬಿತು, ಅಲ್ಲಿಯ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದಿತು, ಕೋಳಿಮರಿಗಳನ್ನು ಎತ್ತಿತು. 2024ರ ಜೂನ್ ತಿಂಗಳಲ್ಲಿ ಕೀನ್ಯಾ ದೇಶದ ವನ್ಯಜೀವಿ ಇಲಾಖೆಯು ಆ ವರ್ಷದ ಕೊನೆಯೊಳಗೆ ಹತ್ತು ಲಕ್ಷ ಕಾಗೆಗಳನ್ನು ನಿವಾರಿಸುವ ಯೋಜನೆಯನ್ನು ಪ್ರಕಟಿಸಿತು. ಇಲ್ಲಿ ಪಿತೃಗಳ ಹೆಸರಿನಲ್ಲಿ ಕರೆದು ಅನ್ನವಿಡುವ ಹಕ್ಕಿಗೆ ಅಲ್ಲಿ ವಿಷದ ತುತ್ತು. ಅವರು ಕ್ರೂರಿಗಳೆಂದು ನಾವು ಹೇಳುವುದಿಲ್ಲ. ಅವರ ನಾಡಿನ ಬೆಳವಗಳನ್ನು ಅವರು ಕಾಯಬೇಕಲ್ಲವೇ? ಕಾಗೆಯು ತಾನಾಗಿ ಅಲ್ಲಿಗೆ ಹೋದುದಲ್ಲ, ಕರೆದೊಯ್ದವರು ಮನುಷ್ಯರು. ಆ ದೋಷವನ್ನು ಹೊರುತ್ತಿರುವುದು ಮಾತ್ರ ಹಕ್ಕಿ. ಜೂನ್ ತಿಂಗಳೆಂದಾಗ ನಮಗೆ ಆ 11 ಅರ್ಜಿಗಳೇ ನೆನಪಾಗುತ್ತವೆ. ಎರಡಕ್ಕೂ ಸಂಬಂಧವಿಲ್ಲ; ತಾರ್ಕಿಕರು ಇದನ್ನು ಕಾಕತಾಳೀಯವೆಂದಾರು.

ಬರ ಕಳೆಯಿತು. 2024ರ ಮುಂಗಾರು ಚೆನ್ನಾಗಿ ಆಯಿತು. ಕಣಜ ಮತ್ತೆ ತುಂಬಿತು. ಠರಾವು ಮಾತ್ರ ಹಾಗೆಯೇ ಉಳಿದಿದೆ. ಬರದ ಕಾರಣಕ್ಕಾಗಿ ಬರೆದದ್ದನ್ನು ಬರ ಹೋದ ಮೇಲೆ ತೆಗೆಯಲು ಯಾರಿಗೂ ನೆನಪಾಗಲಿಲ್ಲವೆಂದು ಹೇಳಿದರೆ ಪೂರ್ತಿ ನಿಜವಾಗಲಾರದು. ಮಂಡಳಿಯ ಹಿರಿಯರೊಬ್ಬರ ಬಳಿ ಒಮ್ಮೆ ಪ್ರಸ್ತಾಪಿಸಿದಾಗ, "ನಡೆಯುತ್ತಿದೆಯಲ್ಲ ಬುದ್ಧೀ, ಈಗೇಕೆ ಕೆದಕುವುದು" ಎಂದರು. ನಾವೂ ಸುಮ್ಮನಾದೆವು. ಅದಾದ ಮೇಲೆ ಶ್ರಾವಣ ಬಂತು, ಹುಡುಗನು ಎದ್ದುನಿಂತನು.

ಅವನು ಈಗ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದಾನೆ. ಹೋಗುವ ಮುಂಚೆ ಬಂದು ನಮಸ್ಕರಿಸಿದಾಗ, ಅವನ ಪ್ರಶ್ನೆಗೆ ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತೇವೆಂದು ಹೇಳಿದ್ದೆವು. ಅದಕ್ಕೇ ಇಷ್ಟನ್ನು ಬರೆದದ್ದು. ಮುಂದಿನ ತಿಂಗಳು ಆಡಳಿತ ಮಂಡಳಿಯ ಸಭೆಯಿದೆ. ವಿಷಯಪಟ್ಟಿಯಲ್ಲಿ ಅಡಿಗೆಮನೆಯ ಹೊಸ ಒಲೆಗಳು, ಬಾವಿಯ ಪಂಪಿನ ದುರಸ್ತಿ, ಜಾತ್ರೆಯ ಲೆಕ್ಕ ಇವುಗಳ ಮೇಲೆ ಮೊದಲನೆಯ ಬಾಬಾಗಿ ಆ ಠರಾವಿನ ಪುನರ್ವಿಚಾರವನ್ನು ನಮ್ಮ ಕೈಯಿಂದಲೇ ಬರೆದಿಟ್ಟಿದ್ದೇವೆ. ಮಂಡಳಿಯ ಸದಸ್ಯರೆಲ್ಲರೂ ಈ ಪತ್ರಿಕೆಯ ಚಂದಾದಾರರೆಂಬುದನ್ನು ಬಲ್ಲೆವು. ಹಿಂದಿರುಗಿಸಿದ ಅರ್ಜಿಗಳ ವಿಳಾಸಗಳನ್ನು ತೆಗೆದಿಡಲು ಗುಮಾಸ್ತನಿಗೆ ತಿಳಿಸಿದ್ದೇವೆ, ಒಂಬತ್ತು ಸಿಕ್ಕಿವೆ. ಇಟ್ಟಂಗಿ ಭಟ್ಟಿಯವರ ವಿಳಾಸ ಇನ್ನೂ ಸಿಕ್ಕಿಲ್ಲ. ಆ ಕೆಲಸದವರು ಹಂಗಾಮು ಮುಗಿದ ಮೇಲೆ ಒಂದೆಡೆ ಇರುವುದಿಲ್ಲವಂತೆ. ಆ ಕಡೆಯ ಭಕ್ತರು ಯಾರಾದರೂ ಬಲ್ಲವರಿದ್ದರೆ ಮಠಕ್ಕೆ ತಿಳಿಸಬೇಕು.